ಒಂದು ಸುತ್ತು, ಒಂದು ಅಲೆ

ಬೆಳಗಾವಿಯಿಂದ ಖಾನಾಪುರಕ್ಕೆ ಹೋಗುವ ದಾರಿಯಲ್ಲಿ ಟಿಳಕವಾಡಿ ದಾಟಿದ ಮೇಲೆ ಉದ್ಯಮಬಾಗ ಸಿಗುತ್ತದೆ. ಎರಕ ಹೊಯ್ಯುವ ಫೌಂಡ್ರಿಗಳು, ಲೇಥ್ ಶೆಡ್ಡುಗಳು, ತಗಡು ಕತ್ತರಿಸಿ ಬಾಗಿಸಿ ಕೊಡುವ ಸಣ್ಣ ವರ್ಕ್‌ಶಾಪುಗಳು, ಅವುಗಳ ನಡುವೆಯೇ 1979ರಲ್ಲಿ ಆರಂಭವಾದ ಗೋಗಟೆ ತಾಂತ್ರಿಕ ವಿದ್ಯಾಲಯ. ಅಲ್ಲಿಂದ ಮುಂದೆ ಪೀರನವಾಡಿ, ಆಮೇಲೆ ಮಚ್ಛೆ. ಮಚ್ಛೆಯ ಬಳಿಯ ‘ಜ್ಞಾನ ಸಂಗಮ’ ಆವರಣದಲ್ಲಿ 1998ರಲ್ಲಿ ಸ್ಥಾಪನೆಯಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕೇಂದ್ರ ಕಚೇರಿಯಿದೆ. ಅದರ 2018ರ ಪಠ್ಯಕ್ರಮದಲ್ಲಿ ಎಲೆಕ್ಟ್ರಾನಿಕ್ಸ್ ವಿದ್ಯಾರ್ಥಿಗಳಿಗೆ ಆರನೆಯ ಸೆಮಿಸ್ಟರಿನಲ್ಲಿ ‘ಮೈಕ್ರೋವೇವ್ ಮತ್ತು ಆಂಟೆನಾ’ ಎಂಬ ವಿಷಯ. ಅದರ ಕೊನೆಯ ಭಾಗದಲ್ಲಿ ಬರುತ್ತದೆ ಹೆಲಿಕಲ್ ಆಂಟೆನಾ, ಅಂದರೆ ಸ್ಪ್ರಿಂಗಿನಂತೆ ಸುತ್ತಿದ ತಂತಿಯ ಆಂಟೆನಾ. ಓದಬೇಕಾದ ಪುಸ್ತಕ ಜಾನ್ ಕ್ರಾಸ್ ಅವರದು. ಆ ಆಂಟೆನಾವನ್ನು ಕಂಡುಹಿಡಿದವರೂ ಅವರೇ.

ರಾಜ್ಯದ ಸಾವಿರಾರು ಮಕ್ಕಳು ಈ ಅಧ್ಯಾಯವನ್ನು ಪರೀಕ್ಷೆಗೆ ಓದಿದ್ದಾರೆ. ಸುತ್ತಿನ ಪರಿಧಿ ಇಷ್ಟು, ಸುತ್ತಿನಿಂದ ಸುತ್ತಿಗೆ ಅಂತರ ಇಷ್ಟು, ಇಂಪೀಡೆನ್ಸ್ ಇಷ್ಟು ಎಂದು ಸೂತ್ರ ಬರೆದು ಅಂಕ ಪಡೆದಿದ್ದಾರೆ. ಕೈಯಲ್ಲಿ ತಂತಿ ಹಿಡಿದು ಅದನ್ನು ಸುತ್ತಿ ನೋಡಿದವರು ಮಾತ್ರ ಬಹಳ ಕಡಿಮೆ. ಇದು ನಿಜಕ್ಕೂ ನಷ್ಟ. ಯಾಕೆಂದರೆ ಪಠ್ಯದಲ್ಲಿರುವ ಆಂಟೆನಾಗಳ ಪೈಕಿ ಹವ್ಯಾಸಿಯ ಅಳತೆ ತಪ್ಪನ್ನು ಇಷ್ಟು ಉದಾರವಾಗಿ ಸಹಿಸಿಕೊಳ್ಳುವುದು ಇನ್ನೊಂದಿಲ್ಲ. ಬೇಕಾದ ಸಾಮಾನೆಲ್ಲ ಖಾನಾಪುರ ರಸ್ತೆಯ ಬದಿಯಲ್ಲೇ ಸಿಗುತ್ತದೆ.

ಕ್ರಾಸ್ ಅಮೆರಿಕದ ಓಹಾಯೊ ರಾಜ್ಯ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾಗಿದ್ದವರು, ಡಬ್ಲ್ಯೂ8ಜೆಕೆ ಎಂಬ ಕರೆಸಂಕೇತದ ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೋ ಬಳಕೆದಾರ ಕೂಡ. 1946ರಲ್ಲಿ ಅವರು ಒಂದು ಉಪನ್ಯಾಸಕ್ಕೆ ಹೋಗಿದ್ದರು. ಸುರುಳಿ ತಂತಿಯೊಳಗೆ ಎಲೆಕ್ಟ್ರಾನ್ ಕಿರಣ ಹಾಯಿಸಿ ಸಿಗ್ನಲ್ ವರ್ಧಿಸುವ ಹೊಸ ಬಗೆಯ ಕೊಳವೆಯ ಬಗ್ಗೆ ಅಲ್ಲಿ ವಿವರಿಸಲಾಯಿತು. ಮುಗಿದ ಮೇಲೆ ಕ್ರಾಸ್ ಹೋಗಿ ಉಪನ್ಯಾಸಕರನ್ನು ಕೇಳಿದರು: ಇಂಥ ಸುರುಳಿಯನ್ನು ಆಂಟೆನಾ ಮಾಡಬಹುದೇ? ಪ್ರಯತ್ನಿಸಿದ್ದಾಯಿತು, ಕೆಲಸ ಮಾಡಲಿಲ್ಲ ಎಂಬ ಉತ್ತರ ಬಂತು. ಕ್ರಾಸ್ ಅಷ್ಟಕ್ಕೇ ಬಿಡಲಿಲ್ಲ. ಸುರುಳಿಯ ವ್ಯಾಸ ಸಾಕಷ್ಟು ದೊಡ್ಡದಿದ್ದರೆ ಏನಾದರೂ ಆಗಲೇಬೇಕು ಎಂದು ಅವರಿಗೆ ಅನಿಸಿತ್ತು. ಮನೆಯ ನೆಲಮಾಳಿಗೆಯಲ್ಲಿ 12 ಸೆಂಟಿಮೀಟರ್ ಅಲೆಯ ಆಸಿಲೇಟರ್ ಇತ್ತು. ಪರಿಧಿ ಸರಿಯಾಗಿ 12 ಸೆಂಟಿಮೀಟರ್ ಬರುವಂತೆ ಏಳು ಸುತ್ತು ತಂತಿ ಸುತ್ತಿ, ಹಿಂದೊಂದು ಲೋಹದ ತಟ್ಟೆ ಇಟ್ಟು ಜೋಡಿಸಿದರು. ಸುರುಳಿಯ ತುದಿಯಿಂದ, ಅದು ನೋಡುತ್ತಿದ್ದ ದಿಕ್ಕಿಗೇ, ಚೂಪಾದ ಕಿರಣವೊಂದು ಹೊರಡುತ್ತಿತ್ತು.

ಆಗ ಸಿಕ್ಕ ನಿಯಮವೇ ಇಂದಿಗೂ ಮೊದಲ ಪಾಠ. ಒಂದು ಸುತ್ತಿನ ಪರಿಧಿ ಒಂದು ಅಲೆಯುದ್ದಕ್ಕೆ ಸಮನಾಗಿರಬೇಕು. ಹಾಗಿದ್ದಾಗ ಸುತ್ತಿನ ಒಂದು ಬದಿಯಲ್ಲಿ ವಿದ್ಯುತ್ತು ಒಂದು ಹಂತದಲ್ಲಿದ್ದರೆ ಎದುರು ಬದಿಯಲ್ಲಿ ಅದು ಅರ್ಧ ಅಲೆಯಷ್ಟು ಹಿಂದಿರುತ್ತದೆ, ಅಂದರೆ ತಿರುಗುಮುರುಗು. ಆದರೆ ತಂತಿಯೂ ಅಲ್ಲಿ ತಿರುಗಿ ಎದುರು ದಿಕ್ಕಿಗೆ ಹೋಗುತ್ತಿರುತ್ತದೆ. ಎರಡು ತಿರುವುಗಳು ಒಂದನ್ನೊಂದು ರದ್ದುಮಾಡಿ, ಎರಡೂ ಬದಿಯ ಬಲ ಒಂದೇ ಕಡೆ ಕೂಡಿಕೊಳ್ಳುತ್ತದೆ. ಪ್ರತಿ ಸುತ್ತೂ ಹಿಂದಿನ ಸುತ್ತಿಗೆ ತನ್ನ ಪಾಲು ಸೇರಿಸುತ್ತಾ ಹೋಗಿ, ಸಿಗ್ನಲ್ ಸುರುಳಿಯ ಅಕ್ಷದುದ್ದಕ್ಕೂ ಮುಂದೆ ನುಗ್ಗುತ್ತದೆ. ವ್ಯಾಸ ತೀರ ಚಿಕ್ಕದಾದರೆ ಈ ಕೂಡಾಟ ನಡೆಯುವುದಿಲ್ಲ, ಸುರುಳಿ ಬದಿಗೆ ಮಾತ್ರ ಹರಡುತ್ತದೆ. ಪೊಲೀಸರ, ಅರಣ್ಯ ಸಿಬ್ಬಂದಿಯ ವಾಕಿಟಾಕಿಯ ಮೇಲಿನ ಕಪ್ಪು ರಬ್ಬರಿನ ಗಿಡ್ಡ ಆಂಟೆನಾದ ಒಳಗೆ ಇರುವುದು ಇಂಥ ಸಣ್ಣ ಸುರುಳಿಯೇ. ಸ್ಪ್ರಿಂಗು ಒಂದೇ, ವ್ಯಾಸದ ಲೆಕ್ಕ ಬದಲಾದರೆ ಗುಣವೇ ಬದಲಾಗುತ್ತದೆ.

ಅಲೆಯುದ್ದ ಎಂದಾಗ ಕಣ್ಣಿಗೆ ಒಂದು ಅಳತೆ ಬೇಕು. ಖಾನಾಪುರದ ಮನೆಗಳಲ್ಲಿ ಕೇಳುವ ಧಾರವಾಡ ಆಕಾಶವಾಣಿ 765 ಕಿಲೋಹರ್ಟ್ಸ್‌ನದು. ಅದರ ಒಂದು ಅಲೆ 392 ಮೀಟರ್. ಅದಕ್ಕೆ ಹೆಲಿಕ್ಸ್, ಅಂದರೆ ಇಂಥ ಸುರುಳಿ, ಸುತ್ತುವ ಮಾತೇ ಇಲ್ಲ. ಬೆಳಗಾವಿಯ ಸಮುದಾಯ ಬಾನುಲಿ ಕೆಎಲ್‌ಇ ವೇಣುಧ್ವನಿಯದು 90.4 ಮೆಗಾಹರ್ಟ್ಸ್, ಅಲೆ 3.3 ಮೀಟರ್, ಸುರುಳಿಯ ವ್ಯಾಸ ಒಂದು ಮೀಟರಿಗೂ ಹೆಚ್ಚು. ಮನೆಯ ವೈಫೈಯದು 12 ಸೆಂಟಿಮೀಟರ್ ಚಿಲ್ಲರೆ; ತೋಟಕ್ಕೆ ನೀರು ಹಾಯಿಸುವ 40 ಮಿಲಿಮೀಟರ್ ಪಿವಿಸಿ ಪೈಪಿನ ಮೇಲೆ 2.7 ಸೆಂಟಿಮೀಟರ್ ಅಂತರದಲ್ಲಿ ತಂತಿ ಸುತ್ತಿದರೆ ಅಳತೆ ಹೆಚ್ಚುಕಡಿಮೆ ತಾನಾಗಿ ಕೂಡಿಬರುತ್ತದೆ.

ಇವೆಲ್ಲದರ ನಡುವೆ ಹವ್ಯಾಸಿಗೆ ಹೇಳಿಮಾಡಿಸಿದ ಜಾಗವೊಂದಿದೆ: 435 ಮೆಗಾಹರ್ಟ್ಸ್ ಸುತ್ತಮುತ್ತ. ಅಲೆ 70 ಸೆಂಟಿಮೀಟರಿಗೆ ಸ್ವಲ್ಪ ಕಡಿಮೆ, ವ್ಯಾಸ 22 ಸೆಂಟಿಮೀಟರ್. ಭಾರತದಲ್ಲಿ 434ರಿಂದ 438 ಮೆಗಾಹರ್ಟ್ಸ್ ಹ್ಯಾಮ್‌ಗಳಿಗೆ ತೆರೆದಿದೆ. ಹ್ಯಾಮ್ ಉಪಗ್ರಹಗಳು ಮಾತಾಡುವ ಪಟ್ಟಿಯೂ ಇದೇ. 2005ರ ಮೇ 5ರಂದು ಪಿಎಸ್‌ಎಲ್‌ವಿ-ಸಿ6 ರಾಕೆಟ್ಟು ಕಾರ್ಟೋಸ್ಯಾಟ್-1 ಜೊತೆಗೆ ಹೊತ್ತೊಯ್ದ 42.5 ಕಿಲೋ ತೂಕದ ಹ್ಯಾಮ್‌ಸ್ಯಾಟ್ ನೆಲದ ಕರೆಗಳನ್ನು 435 ಮೆಗಾಹರ್ಟ್ಸ್‌ನಲ್ಲಿ ಕೇಳಿಸಿಕೊಂಡು 145ರಲ್ಲಿ ಮರುಕಳಿಸುತ್ತಿತ್ತು. ಇಸ್ರೊ ಜಗತ್ತಿನ ಹವ್ಯಾಸಿಗಳಿಗೆ ಕೊಟ್ಟ ಆ ಉಡುಗೊರೆ 2014ರ ಜುಲೈವರೆಗೆ, ಬ್ಯಾಟರಿ ಕೈಕೊಡುವ ತನಕ, ದುಡಿಯಿತು. 2010ರ ಜುಲೈ 12ರಂದು ಮೇಲೇರಿದ ಸ್ಟಡ್‌ಸ್ಯಾಟ್ ಕೂಡ ಇದೇ ಪಟ್ಟಿಯದು. ಬೆಂಗಳೂರು ಮತ್ತು ಹೈದರಾಬಾದಿನ ಏಳು ಇಂಜಿನಿಯರಿಂಗ್ ಕಾಲೇಜುಗಳ ಮಕ್ಕಳು ಕಟ್ಟಿದ, ಒಂದು ಕಿಲೋಗಿಂತ ಹಗುರವಾದ ಆ ಪುಟ್ಟ ಪೆಟ್ಟಿಗೆಯ ಬೀಕನ್ 437.505 ಮೆಗಾಹರ್ಟ್ಸ್‌ನಲ್ಲಿ ಮಿಡಿಯುತ್ತಿತ್ತು. ಕೇಳಲು ಯಲಹಂಕದ ನಿಟ್ಟೆ ಮೀನಾಕ್ಷಿ ಕಾಲೇಜಿನಲ್ಲಿ ವಿದ್ಯಾರ್ಥಿಗಳೇ ಭೂಕೇಂದ್ರ ಕಟ್ಟಿದ್ದರು.

ಇಂಥ ಸಣ್ಣ ಉಪಗ್ರಹ ಆಕಾಶದಲ್ಲಿ ಒಂದೇ ಭಂಗಿಯಲ್ಲಿ ನಿಲ್ಲುವುದಿಲ್ಲ, ಹೊರಳುತ್ತಿರುತ್ತದೆ. ಅದರ ಆಂಟೆನಾ ಒಂದು ಕ್ಷಣ ಲಂಬ, ಮರುಕ್ಷಣ ಅಡ್ಡ. ಬರುವ ದಾರಿಯಲ್ಲಿ ಅಯಾನುಗೋಳವೂ ಅಲೆಯ ಭಂಗಿಯನ್ನು ತಿರುಚುತ್ತದೆ. ನೆಲದಲ್ಲಿ ನೆಟ್ಟಗೆ ನಿಲ್ಲಿಸಿದ ಸಾದಾ ಆಂಟೆನಾ ಇದ್ದರೆ ದನಿ ಚೆನ್ನಾಗಿ ಬರುತ್ತಿರುವಾಗಲೇ ಇದ್ದಕ್ಕಿದ್ದಂತೆ ಮುಳುಗಿಹೋಗುತ್ತದೆ. ಹೆಲಿಕ್ಸ್‌ಗೆ ಆ ತೊಂದರೆ ಇಲ್ಲ. ಅದರ ಅಲೆ ತಾನೇ ತಿರುಪಿನಂತೆ ತಿರುಗುತ್ತಾ ಹೋಗುತ್ತದೆ, ಇದನ್ನು ವೃತ್ತೀಯ ಧ್ರುವೀಕರಣ ಎನ್ನುತ್ತಾರೆ. ಎದುರಿನವರ ಆಂಟೆನಾ ಯಾವ ಕೋನಕ್ಕೆ ಹೊರಳಿದರೂ ಹೆಲಿಕ್ಸ್‌ಗೆ ಅರ್ಧ ಪಾಲು ಸಿಕ್ಕೇ ಸಿಗುತ್ತದೆ. ಸದಾ ಅರ್ಧ ಸಿಗುವುದು, ಒಮ್ಮೆ ಪೂರ್ತಿ ಒಮ್ಮೆ ಸೊನ್ನೆ ಆಗುವುದಕ್ಕಿಂತ ಎಷ್ಟೋ ಮೇಲು. ಜಿಪಿಎಸ್ ಉಪಗ್ರಹಗಳ ಹಲವು ಪೀಳಿಗೆಗಳು ಹನ್ನೆರಡು ಹೆಲಿಕ್ಸ್‌ಗಳ ಗೊಂಚಲನ್ನು ಭೂಮಿಯ ಕಡೆಗೆ ಹಿಡಿದು ಹಾರಿರುವುದರಲ್ಲಿ ಈ ಗುಣಕ್ಕೂ ಪಾಲಿದೆ.

ತಿರುಚಿದ ವಸ್ತುವೂ ರೇಡಿಯೋ ಅಲೆಯೂ ಹೊಂದಿಕೊಳ್ಳುವ ಬಗೆಯನ್ನು ಮೊದಲು ಪರೀಕ್ಷಿಸಿದ್ದು ಭಾರತದಲ್ಲಿ. ಕೋಲ್ಕತ್ತದಲ್ಲಿ ಜಗದೀಶಚಂದ್ರ ಬೋಸ್ ಸೆಣಬಿನ ನಾರನ್ನು ಬಲಕ್ಕೂ ಎಡಕ್ಕೂ ತಿರುಚಿದ ಕಟ್ಟುಗಳನ್ನು ಮಾಡಿ, ಅವುಗಳ ಮೂಲಕ ವಿದ್ಯುತ್ ಅಲೆ ಹಾಯಿಸಿ, ಅಲೆಯ ಧ್ರುವೀಕರಣ ತಿರುಗುವುದನ್ನು 1898ರಲ್ಲಿ ಪ್ರಕಟಿಸಿದರು. ಕ್ರಾಸ್ ಅವರ ನೆಲಮಾಳಿಗೆಗಿಂತ 48 ವರ್ಷ ಮೊದಲು.

ಈಗ ಕಟ್ಟುವ ಕೆಲಸ. ಗುರಿ, ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿರುವ, ಕೇಳಿದ್ದನ್ನು ಮರುಪ್ರಸಾರ ಮಾಡುವ ಹ್ಯಾಮ್ ರಿಪೀಟರ್, 437.800 ಮೆಗಾಹರ್ಟ್ಸ್. ಅಲೆಯುದ್ದ 68.5 ಸೆಂಟಿಮೀಟರ್. ಅದನ್ನು ಪೈಯಿಂದ ಭಾಗಿಸಿದರೆ ವ್ಯಾಸ 21.8. ತಂತಿ ಏರುವ ಕೋನ 12ರಿಂದ 14 ಡಿಗ್ರಿ ಇರಬೇಕೆಂಬುದು ಕ್ರಾಸ್ ಅವರ ಲೆಕ್ಕ. ಹನ್ನೆರಡೂವರೆ ಡಿಗ್ರಿ ಹಿಡಿದರೆ ಸುತ್ತಿನಿಂದ ಸುತ್ತಿಗೆ 15.2 ಸೆಂಟಿಮೀಟರ್. ಹತ್ತು ಸುತ್ತಿಗೆ ಉದ್ದ ಒಂದೂವರೆ ಮೀಟರ್, ತಂತಿ ಏಳು ಮೀಟರ್. ಇಷ್ಟೇ ಲೆಕ್ಕ.

ತಂತಿ ದಪ್ಪನೆಯ ತಾಮ್ರದ್ದಾದರೆ ಚೆನ್ನ, ಆದರೆ ಏಳು ಮೀಟರ್ 10 ಗೇಜ್ ತಾಮ್ರ ಅರ್ಧ ಕಿಲೋ ತೂಗುತ್ತದೆ, ಬೆಲೆಯೂ ಅದಕ್ಕೆ ತಕ್ಕಂತೆ. ಅಲ್ಯೂಮಿನಿಯಂ ತಂತಿ ಹಗುರ, ಅಗ್ಗ, ಕೇಳುವುದಕ್ಕೆ ಏನೂ ಕಡಿಮೆಯಿಲ್ಲ. ಬೆಸುಗೆ ಮಾತ್ರ ಹತ್ತುವುದಿಲ್ಲ, ತುದಿಗೆ ಸ್ಕ್ರೂ ಹಾಕಿ ಬಿಗಿಯಬೇಕು. ಯಾವುದೇ ಡಬ್ಬದ ಮೇಲೆ ಸುತ್ತುವುದಾದರೂ ಡಬ್ಬದ ವ್ಯಾಸ ಬೇಕಾದ್ದಕ್ಕಿಂತ ತುಸು ಚಿಕ್ಕದಿರಲಿ. ಕೈಬಿಟ್ಟ ಕೂಡಲೇ ತಂತಿ ಅಗಲಿಸಿಕೊಳ್ಳುತ್ತದೆ. ಬಿಗಿಯಾಗಿ ಸುತ್ತಿದ ಮೇಲೆ ಎಳೆದು ಅಂತರ ಕೂಡಿಸಬೇಕು. ನಡುವೆ ಆಧಾರಕ್ಕೆ ಪಿವಿಸಿ ಪೈಪು, ಅದಕ್ಕೆ ಅಡ್ಡಡ್ಡ ತೂತು ಕೊರೆದು ತೂರಿಸಿದ ತೆಳು ಪೈಪಿನ ತೋಳುಗಳು, ತೋಳಿನ ತುದಿಗೆ ತಂತಿ. ಬಿದಿರೂ ನಡೆಯುತ್ತದೆ, ಆದರೆ ಮಳೆಗೆ ನೆನೆದ ಬಿದಿರು ಸಿಗ್ನಲ್ ನುಂಗುತ್ತದೆ. ಮಳೆಗಾಲ ನಾಲ್ಕು ತಿಂಗಳು ಬಿಡದ ಖಾನಾಪುರದಲ್ಲಿ ಪಿವಿಸಿಯೇ ವಾಸಿ.

ಹಿಂದಿನ ತಟ್ಟೆ ಅಲೆಯುದ್ದದ ಮುಕ್ಕಾಲು ಭಾಗಕ್ಕಿಂತ ದೊಡ್ಡದಿರಬೇಕು. 60 ಸೆಂಟಿಮೀಟರ್ ಚೌಕದ ಅಲ್ಯೂಮಿನಿಯಂ ತಗಡು ಸಾಕು, ಉದ್ಯಮಬಾಗದಲ್ಲಿ ಕತ್ತರಿಸಿ ನಡುವೆ ತೂತು ಹಾಕಿಸಿಕೊಳ್ಳಬಹುದು. ಗಾಳಿ ಬೀಸುವ ಜಾಗವಾದರೆ ಕೋಳಿಗೂಡಿಗೆ ಹಾಕುವ ತಂತಿ ಜಾಳಿಗೆ ಇನ್ನೂ ಒಳ್ಳೆಯದು. ಕಣ್ಣುಗಳು ಅಲೆಯ ಹತ್ತನೇ ಒಂದು ಭಾಗಕ್ಕಿಂತ, ಅಂದರೆ ಸುಮಾರು ಏಳು ಸೆಂಟಿಮೀಟರಿಗಿಂತ ಚಿಕ್ಕವಿದ್ದರೆ ಅಲೆಗೆ ಜಾಳಿಗೆಯೂ ತಗಡೂ ಒಂದೇ.

ಕೇಬಲ್ಲಿನ ವಿಷಯದಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಹೆಲಿಕ್ಸ್‌ನ ಇಂಪೀಡೆನ್ಸ್ ಸುಮಾರು 140 ಓಮ್. ಹ್ಯಾಮ್ ರೇಡಿಯೋ ಉಪಕರಣಗಳು ಸಾಮಾನ್ಯವಾಗಿ 50 ಓಮ್‌ನವು. ನೇರವಾಗಿ ಜೋಡಿಸಿದರೆ ಬಂದ ಶಕ್ತಿಯ 22 ಶೇಕಡಾ ವಾಪಸು ಹೋಗುತ್ತದೆ. ಆದರೆ ಡಿಶ್ ಟಿವಿಗೆ ಹಾಕುವ ಆರ್‌ಜಿ-6 ಕೇಬಲ್ 75 ಓಮ್‌ನದು. ಅದರ ಜೊತೆ ಹೆಲಿಕ್ಸ್ ಸೇರಿದರೆ ವಾಪಸಾಗುವುದು 9 ಶೇಕಡಾ ಮಾತ್ರ. ಹ್ಯಾಮ್ ಅಂಗಡಿಯ ತೆಳು ಆರ್‌ಜಿ-58 ಕೇಬಲ್ ಹತ್ತು ಮೀಟರಿನಲ್ಲಿ ಸುಮಾರು ಅರ್ಧ ಸಿಗ್ನಲ್ಲನ್ನು ತಿಂದುಹಾಕುತ್ತದೆ. ಆರ್‌ಜಿ-6ರ ನಷ್ಟ ಅದಕ್ಕಿಂತ ತುಂಬಾ ಕಡಿಮೆ. ಕೇಳುವುದಷ್ಟೇ ಉದ್ದೇಶವಾದರೆ ಊರಿನ ಕೇಬಲ್ ಅಂಗಡಿಯ ಸಾಮಾನೇ ಮೇಲು.

ತಂತಿಯ ತುದಿ ಕೇಬಲ್ಲಿನ ನಡುತಂತಿಗೆ, ತಗಡು ಕೇಬಲ್ಲಿನ ಹೊರಜಾಲಕ್ಕೆ. ಬಲಕ್ಕೆ ತಿರುಗಿಸಿದರೆ ಬಿಗಿಯಾಗುವ ಸಾಮಾನ್ಯ ಸ್ಕ್ರೂವಿನಂತೆ ಸುತ್ತಿದ್ದರೆ ಅದು ಬಲಸುತ್ತು. ಜಿಪಿಎಸ್ ಮತ್ತು ಹವಾಮಾನ ಉಪಗ್ರಹಗಳು ಬಲಸುತ್ತಿನವು. ಬಾಹ್ಯಾಕಾಶ ನಿಲ್ದಾಣಕ್ಕೆ ಯಾವುದಾದರೂ ನಡೆಯುತ್ತದೆ. ಆದರೆ ಎಡಸುತ್ತಿನ ಹೆಲಿಕ್ಸ್ ಬಲಸುತ್ತಿನ ಸಿಗ್ನಲ್ಲಿಗೆ ಬಹುತೇಕ ಕಿವುಡು. ಸುತ್ತುವ ಮೊದಲು ಒಂದು ಸ್ಕ್ರೂ ಎದುರಿಗಿಟ್ಟುಕೊಳ್ಳುವುದು ಕ್ಷೇಮ.

ಒಂದು ಸೆಂಟಿಮೀಟರ್ ಹೆಚ್ಚುಕಡಿಮೆಯಾದರೆ? ಸಾಲಾಗಿ ಕಡ್ಡಿ ಜೋಡಿಸಿದ ಯಾಗಿ ಆಂಟೆನಾದಲ್ಲಿ ಅದು ದೊಡ್ಡ ತಪ್ಪು. ಹೆಲಿಕ್ಸ್‌ನಲ್ಲಿ ಪರಿಧಿ ಅಲೆಯ ಮುಕ್ಕಾಲಿನಿಂದ ಒಂದೂಕಾಲಿನವರೆಗೆ ಎಲ್ಲಿದ್ದರೂ ಕೆಲಸ ನಡೆಯುತ್ತದೆ. 22ರ ಬದಲು 23 ಸೆಂಟಿಮೀಟರ್ ಬಂದರೆ ಕೇಳುಗನಿಗೆ ಗೊತ್ತೂ ಆಗುವುದಿಲ್ಲ. ಹೈಸ್ಕೂಲು ಮಕ್ಕಳ ಕೈಗೂ ಧೈರ್ಯವಾಗಿ ಕೊಡಬಹುದಾದ ಆಂಟೆನಾ ಇದು ಎನ್ನುವುದು ಈ ಕಾರಣಕ್ಕೆ. ಪಠ್ಯದ ಸೂತ್ರ ಹತ್ತು ಸುತ್ತಿಗೆ 15 ಡೆಸಿಬೆಲ್ ವರ್ಧನೆ ಹೇಳುತ್ತದೆ. 1980ರಲ್ಲಿ ಕಿಂಗ್ ಮತ್ತು ವಾಂಗ್ ಪ್ರಕಟಿಸಿದ ಅಳತೆಗಳು ನಿಜವಾಗಿ ಸಿಗುವುದು ಅದಕ್ಕಿಂತ ಕಡಿಮೆ ಎಂದು ತೋರಿಸಿದವು. 12 ಡೆಸಿಬೆಲ್ ಎಂದೇ ಇಟ್ಟುಕೊಂಡರೂ ಹದಿನಾರು ಪಟ್ಟು. ಪುಸ್ತಕದ ಸೂತ್ರಕ್ಕೂ ಅಳತೆಗೂ ಇರುವ ಈ ಅಂತರವನ್ನು ವಿದ್ಯಾರ್ಥಿ ಮೈದಾನದಲ್ಲಿ ತಾನೇ ಅಳೆದು ನೋಡಿದರೆ, ಇಡೀ ಸೆಮಿಸ್ಟರಿನ ಪಾಠಕ್ಕಿಂತ ಹೆಚ್ಚು ತಿಳಿಯುತ್ತದೆ.

ಕೇಳುವ ಯಂತ್ರದ ಚಿಂತೆಯೂ ಈಗ ಹಗುರವಾಗಿದೆ. ಟಿವಿ ನೋಡಲೆಂದು ಬಂದ ಯುಎಸ್‌ಬಿ ಡಾಂಗಲ್‌ಗಳನ್ನು ಬಹು ವಿಶಾಲ ವ್ಯಾಪ್ತಿಯ ಕಂಪನಾಂಕಗಳಿಗೆ ತಿರುಗಿಸಬಹುದೆಂದು 2012ರ ಹೊತ್ತಿಗೆ ಹವ್ಯಾಸಿಗಳು ಕಂಡುಕೊಂಡರು. ಆರ್‌ಟಿಎಲ್-ಎಸ್‌ಡಿಆರ್ ಎಂಬ ಹೆಸರಿನ ಆ ಡಾಂಗಲ್ ಕೆಲವು ಸಾವಿರ ರೂಪಾಯಿಗೆ ಸಿಗುತ್ತದೆ, ಲ್ಯಾಪ್‌ಟಾಪಿಗೂ ಮೊಬೈಲಿಗೂ ಸಿಕ್ಕಿಸಬಹುದು.

ಆದರೆ ಬೆಳಗಾವಿ ನಗರದೊಳಗೆ ಅದನ್ನು ತೆರೆದರೆ ಪರದೆಯ ತುಂಬ ಗದ್ದಲ. ಎಲ್‌ಇಡಿ ಬಲ್ಬು, ಇನ್‌ವರ್ಟರ್, ಚಾರ್ಜರ್ ಪ್ರತಿಯೊಂದೂ ರೇಡಿಯೋ ಕಸ ಉಗುಳುತ್ತದೆ. ಹತ್ತಿರದ ಎಫ್‌ಎಂ ಕೇಂದ್ರಗಳ ಅಬ್ಬರಕ್ಕೆ ಅಗ್ಗದ ಡಾಂಗಲ್ ಮಂಕಾಗುತ್ತದೆ. ಯಳ್ಳೂರಿನ ರಾಜಹಂಸಗಡದಂಥ ಎತ್ತರಕ್ಕೆ ಹೋದರೆ ದಿಗಂತ ತೆರೆಯುತ್ತದೆ. ಖಾನಾಪುರ ದಾಟಿ ಜಾಂಬೋಟಿ, ಕಣಕುಂಬಿಯ ಕಡೆಗೆ ಸರಿದರೆ ಗದ್ದಲವೇ ಇಳಿದುಹೋಗುತ್ತದೆ. ಭೀಮಗಡ ಅರಣ್ಯದ ಅಂಚಿನ ಹಳ್ಳಿಗಳಲ್ಲಿ ಮೊಬೈಲ್ ಸಿಗ್ನಲ್ ಇಂದಿಗೂ ನಂಬುವಂಥದ್ದಲ್ಲ, ಅದು ಅಲ್ಲಿನವರ ನಿಜವಾದ ಕಷ್ಟ. ಅದೇ ನಿಶ್ಶಬ್ದ ಉಪಗ್ರಹ ಕೇಳುವವನಿಗೆ ಮಾತ್ರ ಅನುಕೂಲ. ಈ ಹೆಲಿಕ್ಸ್‌ನಿಂದ ಮೊಬೈಲ್ ಸಿಗ್ನಲ್ ತರಬಹುದೇ ಎಂಬ ಪ್ರಶ್ನೆ ಹಳ್ಳಿಯಲ್ಲಿ ಖಂಡಿತ ಬರುತ್ತದೆ. ಟವರುಗಳ ಅಲೆ ವೃತ್ತೀಯವಲ್ಲ, ಹಾಗಾಗಿ ಅರ್ಧ ಶಕ್ತಿ ಇಲ್ಲೇ ಪೋಲು. ಅದಕ್ಕೆ ಬೇರೆ ಆಂಟೆನಾಗಳೇ ಸರಿ. ಅನುಮತಿಯಿಲ್ಲದ ಸಿಗ್ನಲ್ ಬೂಸ್ಟರ್ ಹಾಕುವುದಂತೂ ಅಪರಾಧ.

ಖಾನಾಪುರದ ಹಳೆಯ ಮನೆಗಳಿಗೆ ಇನ್ನೊಂದು ಅನುಕೂಲವಿದೆ. ಮಣ್ಣಿನ ಹಂಚು ಮತ್ತು ಮಡಿಕೆಗೆ ಹೆಸರಾದ ಊರಿದು. ಒಣಗಿದ ಮಣ್ಣಿನ ಹಂಚನ್ನು ರೇಡಿಯೋ ಅಲೆ ಸಲೀಸಾಗಿ ದಾಟುತ್ತದೆ, ಆದ್ದರಿಂದ ಹೆಲಿಕ್ಸ್ ಅಟ್ಟದ ಮೇಲೆಯೇ ಮಳೆ ತಾಗದೆ ಇರಬಹುದು. ಕಬ್ಬಿಣ ಹೆಣೆದ ಕಾಂಕ್ರೀಟು ಅಥವಾ ಜಿಂಕ್ ಶೀಟಿನ ಮಾಡಿನ ಕೆಳಗೆ ಇದು ಸಾಧ್ಯವಿಲ್ಲ. ಹೊರಗೆ ನಿಲ್ಲಿಸುವವರು ಹೆಸ್ಕಾಂ ತಂತಿಗಳಿಂದ ದೂರವಿರಬೇಕು, ಏಪ್ರಿಲ್–ಮೇ ತಿಂಗಳ ಗುಡುಗು ಮಳೆಯ ಮೋಡ ಕಂಡೊಡನೆ ಕೇಬಲ್ ಕಳಚಬೇಕು.

ನಿಲ್ದಾಣ ಸುಮಾರು ತೊಂಬತ್ತು ನಿಮಿಷಕ್ಕೊಮ್ಮೆ ಭೂಮಿ ಸುತ್ತುತ್ತದೆ. ಖಾನಾಪುರದ ಆಕಾಶಕ್ಕೆ ಬಂದಾಗ ಹೆಚ್ಚೆಂದರೆ ಸುಮಾರು ಹತ್ತು ನಿಮಿಷ ಇರುತ್ತದೆ. ಯಾವ ಹೊತ್ತಿಗೆ, ಯಾವ ದಿಕ್ಕಿನಿಂದ ಎಂದು ಮೊಬೈಲ್ ಆ್ಯಪ್‌ಗಳು ತಿಳಿಸುತ್ತವೆ. ದಿಗಂತದಲ್ಲಿರುವಾಗ ಅದು ಸುಮಾರು 2,300 ಕಿಲೋಮೀಟರ್ ದೂರ, ನೆತ್ತಿಯ ಮೇಲಿರುವಾಗ 400 ಚಿಲ್ಲರೆ. ಸಿಗ್ನಲ್ ಮೂವತ್ತು ಪಟ್ಟು ಬಲವಾಗುತ್ತದೆ. ಪಶ್ಚಿಮಕ್ಕೆ ಘಟ್ಟ ಅಡ್ಡವಿರುವ ಕಡೆ ತಗ್ಗಿನ ಹಾದಿಗಳನ್ನು ಬಿಟ್ಟು ಎತ್ತರದವನ್ನೇ ಆರಿಸಿಕೊಳ್ಳಬೇಕು. ಹೆಲಿಕ್ಸ್‌ನ ಕಿರಣದ ಅಗಲ ಸುಮಾರು 35 ಡಿಗ್ರಿ. ಚಾಚಿದ ಕೈಯ ಮುಷ್ಟಿ ಹತ್ತು ಡಿಗ್ರಿ ಮುಚ್ಚುವುದರಿಂದ, ಮೂರೂವರೆ ಮುಷ್ಟಿಯಷ್ಟು ಆಕಾಶ. ಮೋಟಾರು ಬೇಕಿಲ್ಲ, ಇಬ್ಬರು ಸೇರಿ ಒಬ್ಬರು ಗುರಿ ಹಿಡಿದರೆ ಇನ್ನೊಬ್ಬರು ಕೇಳಬಹುದು. ನಿಲ್ದಾಣ ಹತ್ತಿರ ಬರುವಾಗ ದನಿ 437.810ರಲ್ಲಿ ಸಿಗುತ್ತದೆ, ನೆತ್ತಿಗೆ ಬಂದಾಗ 437.800, ದೂರ ಸರಿಯುವಾಗ 437.790. ಡಾಪ್ಲರ್ ಪರಿಣಾಮ ಪರದೆಯ ಮೇಲೆ ಬಾಗಿದ ಗೆರೆಯಾಗಿ ಕಾಣುತ್ತದೆ, ಅದರ ಸಮೀಕರಣಕ್ಕೆ ಇದಕ್ಕಿಂತ ಒಳ್ಳೆಯ ಪ್ರಯೋಗ ಸಿಗಲಾರದು.

ನಿಲ್ದಾಣದಿಂದ ಕನ್ನಡನಾಡಿಗೆ ಹ್ಯಾಮ್ ರೇಡಿಯೋದಲ್ಲಿ ಮಾತು ಬಂದಿದ್ದೂ ಇದೆ. 2025ರ ಜುಲೈ 4ರಂದು ಶುಭಾಂಶು ಶುಕ್ಲಾ ಅಲ್ಲಿಂದ ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ಸೇರಿದ್ದ ವಿದ್ಯಾರ್ಥಿಗಳ ಪ್ರಶ್ನೆಗಳಿಗೆ ಉತ್ತರಿಸಿದರು.

ಗುರಿ ಹಿಡಿದು ನಿಲ್ಲುವ ತಾಳ್ಮೆ ಇಲ್ಲದವರಿಗೆ ಹೆಲಿಕ್ಸ್‌ನ ಇನ್ನೊಂದು ರೂಪವಿದೆ. ನಾಲ್ಕು ತಂತಿಗಳನ್ನು ಅರ್ಧ ಸುತ್ತು ಮಾತ್ರ ತಿರುಚಿ ನಿಲ್ಲಿಸಿದ ಕ್ವಾಡ್ರಿಫಿಲರ್ ಆಂಟೆನಾ ಇಡೀ ಆಕಾಶವನ್ನು ಒಟ್ಟಿಗೆ ನೋಡುತ್ತದೆ. 137 ಮೆಗಾಹರ್ಟ್ಸ್‌ನ ಹವಾಮಾನ ಚಿತ್ರ ಹಿಡಿಯಲು ಹವ್ಯಾಸಿಗಳು ದಶಕಗಳಿಂದ ಬಳಸಿದ್ದು ಇದನ್ನೇ. ಅಮೆರಿಕದ ನೋವಾ ಸರಣಿಯ ಕೊನೆಯ ಉಪಗ್ರಹಗಳು 2025ರಲ್ಲಿ ಸ್ತಬ್ಧವಾದವು. ರಷ್ಯಾ 2023 ಮತ್ತು 2024ರಲ್ಲಿ ಹಾರಿಸಿದ ಮೆಟಿಯೋರ್-ಎಂ ಉಪಗ್ರಹಗಳು ಅದೇ ಪಟ್ಟಿಯ ಚಿತ್ರ ಕಳಿಸುವಂಥವು. ಜೂನಿನಲ್ಲಿ ಅರಬ್ಬೀ ಸಮುದ್ರದಿಂದ ಕಣಕುಂಬಿಯ ಮೇಲೆ ನುಗ್ಗುವ ಮೋಡದ ಚಿತ್ರವನ್ನು ಮಲಪ್ರಭೆ ಹುಟ್ಟುವ ಆ ಊರಿನ ಶಾಲೆಯಂಗಳದಲ್ಲೇ ನಿಂತು, ಇಂಟರ್‌ನೆಟ್ ಇಲ್ಲದೆ, ನೇರ ಉಪಗ್ರಹದಿಂದ ಇಳಿಸಿಕೊಳ್ಳುವ ಸಾಧ್ಯತೆ ಯಾವ ವಿಜ್ಞಾನ ಶಿಕ್ಷಕರಿಗಾದರೂ ಆಸೆ ಹುಟ್ಟಿಸಬೇಕು.

ಕೇಳುವುದು ಸಾಕಾಗಿ ಮಾತಾಡುವ ಆಸೆ ಹುಟ್ಟಿದ ದಿನ ಕಾನೂನು ಎದುರಾಗುತ್ತದೆ. ಪ್ರಸಾರಕ್ಕೆ ದೂರಸಂಪರ್ಕ ಇಲಾಖೆಯ ಪರೀಕ್ಷೆ ಪಾಸಾಗಿ ಲೈಸೆನ್ಸ್ ಪಡೆಯಬೇಕು. ಹನ್ನೆರಡು ವರ್ಷ ತುಂಬಿದ ಯಾರಾದರೂ ಪರೀಕ್ಷೆಗೆ ಕೂರಬಹುದು. ರಿಸ್ಟ್ರಿಕ್ಟೆಡ್ ದರ್ಜೆಗೆ ವಿಯು3, ಜನರಲ್ ದರ್ಜೆಗೆ ವಿಯು2 ಎಂದು ಆರಂಭವಾಗುವ ಕರೆಸಂಕೇತ ಸಿಗುತ್ತದೆ. ಆಮೇಲೆ 145.990 ಮೆಗಾಹರ್ಟ್ಸ್‌ನಲ್ಲಿ 67 ಹರ್ಟ್ಸ್ ಟೋನ್ ಸೇರಿಸಿ ಕರೆದರೆ ನಿಲ್ದಾಣದ ರಿಪೀಟರ್ ಆ ಮಾತನ್ನು 437.800ರಲ್ಲಿ ಕೆಳಗಿಳಿಸುತ್ತದೆ. ಹೆಲಿಕ್ಸ್ ಅದನ್ನು ಹಿಡಿಯುತ್ತದೆ. ಮೇಲಕ್ಕೆ ಕರೆಯಲು ಮಾತ್ರ ಬೇರೆ ಆಂಟೆನಾ ಬೇಕು: ಎರಡು ಮೀಟರ್ ಅಲೆಗೆ ಹೆಲಿಕ್ಸ್ ಸುತ್ತಿದರೆ ವ್ಯಾಸ 65 ಸೆಂಟಿಮೀಟರ್ ಆಗಿ ಕೈಯಲ್ಲಿ ಹಿಡಿಯಲಾಗದು. ಆ ಕೆಲಸಕ್ಕೆ ಮೂರು ಕಡ್ಡಿಯ ಸಣ್ಣ ಯಾಗಿ ಸಾಕು, ಅದರ ಕಡ್ಡಿಗಳನ್ನು ಮಾತ್ರ ಮಿಲಿಮೀಟರ್ ಲೆಕ್ಕದಲ್ಲಿ ಕತ್ತರಿಸಬೇಕು.